ಮೊಮ್ಮಗಳ ಟ್ರಸ್, ತಾತನ ಲೆಡ್ಜರ್

ಹೋದ ವರ್ಷ ಒಂದು ಸಂಜೆ ಮೊಮ್ಮಗಳು ಕಾಲೇಜಿನಿಂದ ಬಂದವಳೇ ಚೀಲವನ್ನು ದಿವಾನದ ಮೇಲೆ ಎಸೆದು, "ತಾತ, ನಾನಿನ್ನು ಕಾಲೇಜಿಗೆ ಹೋಗಲ್ಲ. ಅಪ್ಪನ ಅಂಗಡೀಲೇ ಕೂತ್ಕೋತೀನಿ" ಅಂದಳು. ಸಿವಿಲ್ ಡಿಪ್ಲೊಮಾದಲ್ಲಿ ಒಂದು ವಿಷಯ ನಪಾಸಾಗಿತ್ತು. ಉಳಿದದ್ದೆಲ್ಲ ಪಾಸು. ಆ ಒಂದು ವಿಷಯದಲ್ಲೂ ಅವಳನ್ನು ಕೆಡವಿದ್ದು ಒಂದೇ ಪಾಠ, ಅದರ ಹೆಸರು ಟ್ರಸ್.

ತಿಪಟೂರಿನ ನಮ್ಮ ಮನೆಯಲ್ಲಿ ಉಳಿದುಕೊಂಡು ಓದುತ್ತಿರುವ ಮಗಳ ಮಗಳು ಇವಳು. ಎಸ್ಸೆಸ್ಸೆಲ್ಸಿವರೆಗೆ ಹಳ್ಳಿಯಲ್ಲಿ ಕನ್ನಡ ಮಾಧ್ಯಮ. ಅವಳ ತಂದೆಗೆ ಫೋನು ಮಾಡಿದರೆ, "ಹೋಗ್ಲಿ ಬಿಡಿ ಮಾವ, ಅಂಗಡಿಗೂ ಒಬ್ಬರು ಬೇಕು" ಅಂದರು. ಅಷ್ಟು ಸಲೀಸಾಗಿ ಹೇಳಿದ್ದು ನನಗೆ ಹಿಡಿಸಲಿಲ್ಲ. ಒಂದು ಪಾಠಕ್ಕಾಗಿ ಮೂರು ವರ್ಷದ ಓದನ್ನು ಬಿಡುವುದೇ? ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಟ್ರಸ್ ಎಂದರೆ ನನಗೆ ಧರ್ಮಸಂಸ್ಥೆಯ ಟ್ರಸ್ಟಿನ ಖಾತೆ ಮಾತ್ರ ಗೊತ್ತಿತ್ತು. ಅವಳು "ಮೆಂಬರ್ ಫೋರ್ಸ್" ಅಂದಾಗ ಸೊಸೈಟಿ ಮೆಂಬರುಗಳ ನೆನಪಾಯಿತು. ಆದರೂ, "ಪುಟ್ಟಿ, ನನಗೆ ಒಂದು ತಿಂಗಳು ಕೊಡು. ಇದನ್ನು ಕಲಿಯೋಕೆ ಒಳ್ಳೇ ಪುಸ್ತಕ ಯಾವುದು ಅಂತ ಹುಡುಕ್ತೀನಿ" ಎಂದೆ. ಹೇಗೂ ನನಗೆ ಬೇರೆ ಕೆಲಸವೂ ಇರಲಿಲ್ಲ.

ಮಕ್ಕಳೇ, ಟ್ರಸ್ಸನ್ನು ನೀವು ದಿನಾ ನೋಡುತ್ತೀರಿ. ರೈಲ್ವೆ ಸೇತುವೆಯ ಎರಡೂ ಪಕ್ಕದಲ್ಲಿ ಅಡ್ಡಡ್ಡ ಓರೆಯೋರೆಯಾಗಿ ಉಕ್ಕಿನ ಕಂಬಿಗಳಿರುತ್ತವಲ್ಲ, ಅದು ಟ್ರಸ್. ಅಕ್ಕಿ ಗಿರಣಿ ಅಥವಾ ಕಲ್ಯಾಣ ಮಂಟಪದಲ್ಲಿ ತಲೆಯೆತ್ತಿ ನೋಡಿದರೆ ಶೀಟಿನ ಕೆಳಗೆ ಕಾಣುವ ತ್ರಿಕೋನಗಳ ಸಾಲೂ ಟ್ರಸ್ಸೇ. ಹೊಲದ ಮೇಲೆ ತಂತಿ ಹೊತ್ತು ನಿಂತ ವಿದ್ಯುತ್ ಗೋಪುರವೂ ಅದೇ ಜಾತಿ. ನೇರವಾದ ಕಡ್ಡಿಗಳನ್ನು ತುದಿಗೆ ತುದಿ ಸೇರಿಸಿ ತ್ರಿಕೋನಗಳಾಗಿ ಹೆಣೆದ ಚೌಕಟ್ಟು. ಭಾರ ಬಿದ್ದಾಗ ಯಾವ ಕಡ್ಡಿಗೆ ಎಷ್ಟು ಬಲ ಬರುತ್ತದೆ, ಅದು ಎಳೆತವೋ ಒತ್ತೋ ಎಂದು ಕಂಡುಹಿಡಿಯುವುದೇ ಟ್ರಸ್ ಲೆಕ್ಕ.

ಹುಡುಕಾಟದ ಮೊದಲ ವಾರ ನಾನು ಮಾಡಿದ್ದು ಶುದ್ಧ ದಡ್ಡತನ. ಸಿಕ್ಕಸಿಕ್ಕ ಕಡೆಯಿಂದ ಪಾಠ, ಟಿಪ್ಪಣಿ, ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಜೆರಾಕ್ಸ್ ಮಾಡಿಸಿ, ಸ್ಪೈರಲ್ ಹಾಕಿಸಿ, ದಪ್ಪ ಕಟ್ಟನ್ನು ಅವಳ ಮುಂದಿಟ್ಟೆ. ಅದರ ಜತೆಗೆ ಹದಿನೈದು ವಿಡಿಯೋ. ಅವಳು ನಾಲ್ಕು ದಿನ ನೋಡಿ ಇನ್ನಷ್ಟು ಕಂಗಾಲಾದಳು. ಅವಳ ನೋಟ್ ಬುಕ್ಕಿನಲ್ಲಿ ಒಂದು ಪುಟದಲ್ಲಿ "ಬಾಣ ಹೊರಕ್ಕಿದ್ದರೆ ಎಳೆತ" ಎಂದಿದೆ, ಮುಂದಿನ ಪುಟದಲ್ಲಿ "ಬಾಣ ಒಳಕ್ಕಿದ್ದರೆ ಎಳೆತ" ಎಂದಿದೆ. ಎರಡನ್ನೂ ಅವಳು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ಬಾಯಿಪಾಠ ಮಾಡಿದ್ದಳು!

ಯಾವುದು ಸರಿ? ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು, ಎರಡೂ ಸರಿ.

ನೀವೇ ಮಾಡಿ ನೋಡಬಹುದು. ಒಂದು ಕೋಲಿನ ಒಂದು ತುದಿಯನ್ನು ನೀವು ಹಿಡಿಯಿರಿ, ಇನ್ನೊಂದು ತುದಿಯನ್ನು ತಂಗಿ ಹಿಡಿಯಲಿ. ಇಬ್ಬರೂ ಎಳೆಯಿರಿ. ಈಗ ಕೋಲಿನ ಚಿತ್ರವೊಂದನ್ನೇ ಬರೆದರೆ ಅದನ್ನು ಎರಡೂ ಕಡೆ ಹೊರಕ್ಕೆ ಎಳೆಯಲಾಗುತ್ತಿದೆ, ಬಾಣಗಳು ಹೊರಕ್ಕೆ. ಆದರೆ ನಿಮ್ಮ ಕೈಯ ಚಿತ್ರ ಬರೆದರೆ? ಕೋಲು ನಿಮ್ಮ ಕೈಯನ್ನು ತನ್ನತ್ತ ಎಳೆಯುತ್ತಿದೆ, ಬಾಣ ಕೋಲಿನ ನಡುವಿನ ಕಡೆಗೆ. ಒಂದು ಪುಸ್ತಕ ಕೋಲಿನ ಚಿತ್ರ ಬರೆದಿತ್ತು, ಇನ್ನೊಂದು ಕೈಯ ಚಿತ್ರ ಬರೆದಿತ್ತು. ಯಾರ ಚಿತ್ರ ಬರೆಯುತ್ತಿದ್ದೇವೆ ಎಂದು ಹೇಳಿಯೇ ಇರಲಿಲ್ಲ.

ನನಗಿದು ಹೊಳೆದದ್ದು ಬ್ಯಾಂಕಿನ ದೆಸೆಯಿಂದ. ನಿಮ್ಮ ಪಾಸ್‌ಬುಕ್ಕಿನಲ್ಲಿ ಜಮಾ ಎಂದು ಬರೆದ ಹಣವನ್ನು, ಅಂಗಡಿಯವನು ತನ್ನ ಸ್ವಂತ ಲೆಕ್ಕದ ಪುಸ್ತಕದಲ್ಲಿ ಬ್ಯಾಂಕಿನ ಹೆಸರಿಗೆ ಡೆಬಿಟ್ ಬರೆಯುತ್ತಾನೆ. ಹಣ ಒಂದೇ, ಪುಸ್ತಕ ಇಟ್ಟವರು ಬೇರೆ. ಮೂವತ್ತು ವರ್ಷಕ್ಕೂ ಮಿಕ್ಕಿ ಇದನ್ನು ಗಿರಾಕಿಗಳಿಗೆ ವಿವರಿಸಿ ಬೇಸತ್ತಿದ್ದವನು ನಾನು. ಅವತ್ತು ಮೊಮ್ಮಗಳಿಗೂ ಅದನ್ನೇ ಹೇಳಿದೆ. ಅವಳು ಒಂದು ನಿಮಿಷ ಸುಮ್ಮನಿದ್ದು, "ಇದನ್ನ ಯಾರೂ ಹೇಳಲೇ ಇಲ್ವಲ್ಲ ತಾತ" ಅಂದಳು.

ಅಂದಿನಿಂದ ಪುಸ್ತಕ ಆರಿಸಲು ನನಗೊಂದು ಅಳತೆಗೋಲು ಸಿಕ್ಕಿತು. ಟ್ರಸ್ ಪಾಠದ ಮೊದಲ ಎರಡು ಪುಟದಲ್ಲಿ ಬಾಣ ಯಾರದು ಎಂದು ಸ್ಪಷ್ಟವಾಗಿ ಹೇಳಿದೆಯೇ, ಇಲ್ಲವೇ? ಇಲ್ಲವಾದರೆ ಕೆಳಗಿಡು. ನನ್ನ ಸ್ಪೈರಲ್ ಕಟ್ಟಿನ ಮುಕ್ಕಾಲು ಪಾಲು ಅಲ್ಲೇ ಹೋಯಿತು.

ಪುಸ್ತಕಕ್ಕೂ ಮುಂಚೆ ಕೈಗೆ ಕೆಲಸ ಬೇಕು ಎನ್ನಿಸಿತು. ಮಕ್ಕಳ ಆಟಿಕೆಗಳಿಗೆ ಹೆಸರಾದ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಆಕೃತಿಗಳನ್ನು ಕಟ್ಟುವುದನ್ನು ದೇಶಕ್ಕೆಲ್ಲ ಕಲಿಸಿದವರು. ಅವರ ಪುಸ್ತಕಗಳು ಜಾಲತಾಣದಲ್ಲಿ ಉಚಿತ. ವಾಲ್ವ್ ಟ್ಯೂಬಿಗಾಗಿ ನಾಲ್ಕು ಸೈಕಲ್ ಅಂಗಡಿ ಅಲೆದೆ, ಕೊನೆಯವನು ಡ್ರಾಯರಿನ ಮೂಲೆಯಿಂದ ಒಂದು ಸುರುಳಿ ತೆಗೆದುಕೊಟ್ಟ. ಕಡ್ಡಿಗಳ ಮದ್ದನ್ನು ಕೆರೆದು ತೆಗೆದೆ (ಈ ಕೆಲಸ ದೊಡ್ಡವರೇ ಮಾಡಬೇಕು). ನಾಲ್ಕು ಕಡ್ಡಿಯ ಚೌಕ ಕಟ್ಟಿ ಒತ್ತಿದರೆ ಅದು ಮಗ್ಗುಲಿಗೆ ವಾಲಿ ಮಲಗಿತು. ಮೂರು ಕಡ್ಡಿಯ ತ್ರಿಕೋನ ಅಲುಗಲಿಲ್ಲ. ಚೌಕಕ್ಕೆ ಒಂದು ಕರ್ಣದ ಕಡ್ಡಿ ಸೇರಿಸಿದ ಕೂಡಲೇ ಅದೂ ಗಟ್ಟಿಯಾಯಿತು.

ಇದಕ್ಕೊಂದು ಲೆಕ್ಕವೂ ಇದೆ. ಸಂಧಿಗಳ ಸಂಖ್ಯೆಯನ್ನು ಎರಡರಿಂದ ಗುಣಿಸಿ ಮೂರು ಕಳೆಯಿರಿ, ಸಾಮಾನ್ಯವಾಗಿ ಟ್ರಸ್ಸಿಗೆ ಅಷ್ಟು ಕಡ್ಡಿ ಬೇಕು. ತ್ರಿಕೋನಕ್ಕೆ ಮೂರು ಸಂಧಿ, ಆರರಲ್ಲಿ ಮೂರು ಹೋದರೆ ಮೂರು ಕಡ್ಡಿ. ಸರಿ. ಚೌಕಕ್ಕೆ ನಾಲ್ಕು ಸಂಧಿ, ಎಂಟರಲ್ಲಿ ಮೂರು ಹೋದರೆ ಐದು ಬೇಕು. ಇರುವುದು ನಾಲ್ಕು, ಅದಕ್ಕೇ ಮಲಗಿತು.

ಆಮೇಲೆ ನಮ್ಮಾಕೆಯ ಪೊರಕೆಯಿಂದ ದಪ್ಪನೆಯ ತೆಂಗಿನ ಕಡ್ಡಿಗಳನ್ನು ಎಗರಿಸಿ ದೊಡ್ಡ ತ್ರಿಕೋನ ಮಾಡಿದೆವು. ತಳದ ಕಡ್ಡಿಯನ್ನು ತೆಗೆದು ಅಲ್ಲಿ ಹೊಲಿಗೆ ದಾರ ಕಟ್ಟಿ, ಮೇಲಿನ ತುದಿಯನ್ನು ಬೆರಳಿನಿಂದ ಒತ್ತಿದೆವು. ದಾರ ಬಿಗಿದುಕೊಂಡಿತು, ತ್ರಿಕೋನ ನಿಂತಿತು. ತಳದ ಕಡ್ಡಿಗೆ ಬರುವುದು ಎಳೆತ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಓರೆ ಕಡ್ಡಿಯ ಜಾಗದಲ್ಲಿ ದಾರ ಕಟ್ಟಿದರೆ ಎಲ್ಲ ಕುಸಿಯಿತು. ದಾರ ಎಳೆತ ತಡೆಯುತ್ತದೆ, ಒತ್ತು ತಡೆಯುವುದಿಲ್ಲ. ಇದನ್ನು ನೋಡುತ್ತಿದ್ದ ಪಕ್ಕದ ಮನೆಯ ಆರನೇ ತರಗತಿಯ ಹುಡುಗ ಅಂದಿನಿಂದ ಯಾವ ಛಾವಣಿ ಕಂಡರೂ, "ಅಜ್ಜ, ಅಲ್ಲಿ ದಾರ ಕಟ್ಟಿದರೆ ನಡೆಯುತ್ತಾ?" ಎಂದು ಕೇಳುತ್ತಾನೆ.

ಇನ್ನು ಅಂಕಿಯ ಲೆಕ್ಕ. ಇಲ್ಲಿ ನನ್ನ ಉತ್ಸಾಹ ಸ್ವಲ್ಪ ಜಾಸ್ತಿ, ಸಹಿಸಿಕೊಳ್ಳಬೇಕು.

ತ್ರಿಕೋನದ ತಳ 8 ಅಡಿ, ನಡುವೆ ಎತ್ತರ 3 ಅಡಿ. ಆಗ ಓರೆ ಕಡ್ಡಿ ಒಂದೊಂದೂ 5 ಅಡಿ. ತುದಿಯಲ್ಲಿ 60 ಕೆ.ಜಿ. ಭಾರ. (ಇಂಜಿನಿಯರುಗಳು ಕಿಲೋನ್ಯೂಟನ್ ಎನ್ನುತ್ತಾರೆ, ನಮಗೆ ಕೆ.ಜಿ. ಸಾಕು.) ಎರಡು ಕಡೆಯ ಗೋಡೆ ತಲಾ 30 ಹೊರುತ್ತವೆ. ಕಡ್ಡಿಗಳ ತೂಕವನ್ನು ಬಿಡೋಣ. ಈಗ ಎಡಗಡೆಯ ಸಂಧಿಯೊಂದನ್ನೇ ಒಂದು ಖಾತೆ ಎಂದುಕೊಳ್ಳಿ. ಅದರಲ್ಲಿ ಎರಡು ಪುಟ. ಒಂದು ಮೇಲೆ-ಕೆಳಗೆ, ಇನ್ನೊಂದು ಎಡ-ಬಲ. ಎರಡೂ ಪುಟ ಟ್ಯಾಲಿ ಆಗಲೇಬೇಕು, ಇಲ್ಲದಿದ್ದರೆ ಸಂಧಿ ಒಂದು ಕಡೆಗೆ ಓಡಿಹೋಗುತ್ತದೆ.

ಗೋಡೆ ಮೇಲಕ್ಕೆ 30 ಒತ್ತುತ್ತದೆ. ಅದನ್ನು ಸರಿದೂಗಿಸಲು ಓರೆ ಕಡ್ಡಿ ಕೆಳಕ್ಕೆ 30 ಒತ್ತಬೇಕು. 5 ಅಡಿ ಉದ್ದದ ಓರೆ ಕಡ್ಡಿ ಏರುವುದು 3 ಅಡಿ ಮಾತ್ರ. ಆದ್ದರಿಂದ ಅದರ ಪೂರ್ತಿ ಬಲ 30ರ ಮೂರನೇ ಐದು, ಅಂದರೆ 50. ಅದು ಒತ್ತು. ಅದೇ ಓರೆ ಕಡ್ಡಿ ಎಡಕ್ಕೆ 40 ತಳ್ಳುತ್ತದೆ (50ರ ಐದನೇ ನಾಲ್ಕು). ಹಾಗಾದರೆ ತಳದ ಕಡ್ಡಿ ಸಂಧಿಯನ್ನು ಬಲಕ್ಕೆ 40 ಎಳೆಯಬೇಕು. ಅದು ಎಳೆತ. ದಾರ ಹೇಳಿದ್ದೂ ಇದನ್ನೇ! ಈಗ ಮೇಲಿನ ಸಂಧಿಗೆ ಹೋಗಿ ನೋಡಿ. ಎರಡು ಓರೆ ಕಡ್ಡಿಗಳು ಮೇಲಕ್ಕೆ ತಲಾ 30 ಕೊಡುತ್ತವೆ, ಒಟ್ಟು 60. ಭಾರವೂ 60. ಟ್ಯಾಲಿ.

ಅವಳ ಹಳೆಯ ಉತ್ತರಪತ್ರಿಕೆಯಲ್ಲಿ ಕೊನೆಯ ಸಂಧಿ ಯಾವತ್ತೂ ಟ್ಯಾಲಿ ಆಗುತ್ತಿರಲಿಲ್ಲ. ಅದನ್ನು ಕಂಡು ಅವಳು ಗಾಬರಿಯಾಗಿ ಎಲ್ಲವನ್ನೂ ಹೊಡೆದುಹಾಕಿ ಮೊದಲಿನಿಂದ ಶುರುಮಾಡುತ್ತಿದ್ದಳು, ಹೊತ್ತು ಮುಗಿದುಹೋಗುತ್ತಿತ್ತು. ನಮ್ಮ ಕಾಲದಲ್ಲಿ ಬ್ಯಾಂಕಿನಲ್ಲಿ ಲೆಕ್ಕ ಹೊಂದದಿದ್ದರೆ ರಾತ್ರಿ ಹತ್ತಾದರೂ ಮನೆಗೆ ಹೋಗುವಂತಿರಲಿಲ್ಲ. ಆದರೆ ಯಾರೂ ಮೊದಲಿನಿಂದ ಶುರುಮಾಡುತ್ತಿರಲಿಲ್ಲ. ವ್ಯತ್ಯಾಸವನ್ನೇ ನೋಡುತ್ತಿದ್ದೆವು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ 54ನ್ನು 45 ಎಂದು ಬರೆದಂಥ ತಪ್ಪಿರಬಹುದು. ವ್ಯತ್ಯಾಸದ ಅರ್ಧದಷ್ಟು ಮೊತ್ತ ಎಲ್ಲಾದರೂ ಇದ್ದರೆ, ಅದನ್ನು ಜಮಾ ಕಡೆ ಬರೆಯುವ ಬದಲು ಖರ್ಚಿನ ಕಡೆ ಬರೆದಿರಬಹುದು.

ಈ ಎರಡನೆಯ ಉಪಾಯ ಟ್ರಸ್ಸಿಗೂ ಹೊಂದುತ್ತದೆ ಎಂದು ಕಂಡಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮೇಲಿನ ತ್ರಿಕೋನದ ಬಲಗಡೆ ಸಂಧಿಗೆ ಬಂದಾಗ ತಳದ ಕಡ್ಡಿಯ 40ನ್ನು ಎಳೆತದ ಬದಲು ಒತ್ತು ಎಂದು ಬರೆದಿರಿ ಎನ್ನಿ. ಓರೆ ಕಡ್ಡಿ ಹೊರಕ್ಕೆ 40, ಇದೂ ಹೊರಕ್ಕೆ 40. ವ್ಯತ್ಯಾಸ 80. ಅದರ ಅರ್ಧ 40, ಆ ಅಂಕಿ ಯಾವ ಕಡ್ಡಿಯದು? ತಳದ್ದು, ಇಲ್ಲವೇ ಓರೆಯದರ ಅಡ್ಡ ಪಾಲು. ಕಳ್ಳ ಅವರಿಬ್ಬರಲ್ಲೇ ಒಬ್ಬ. ಇಡೀ ಲೆಕ್ಕ ಅಳಿಸಬೇಕಾಗಿಲ್ಲ. ಇದನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಲಿಲ್ಲ, ಲೆಡ್ಜರಿನಿಂದ ತಂದದ್ದು. ಒಂದಕ್ಕಿಂತ ಹೆಚ್ಚು ತಪ್ಪಿದ್ದರೆ ಈ ಉಪಾಯ ಕೈಕೊಡುತ್ತದೆ, ಅದು ಬ್ಯಾಂಕಿನಲ್ಲೂ ಹಾಗೇ.

ಅದೇ ಛಾವಣಿಯನ್ನು ತಗ್ಗಿಸಿದರೆ ಏನಾಗುತ್ತದೆ ಎಂದು ಅವಳೇ ಲೆಕ್ಕ ಹಾಕಿದಳು. ಅರ್ಧ ತಳ 12 ಅಡಿ, ಎತ್ತರ 5 ಅಡಿ, ಓರೆ 13 ಅಡಿ. ಭಾರ ಅದೇ 60. ಓರೆ ಕಡ್ಡಿಗೆ 78, ತಳಕ್ಕೆ 72! ಹೇರಿದ ಭಾರಕ್ಕಿಂತ ಕಡ್ಡಿಯ ಬಲವೇ ಜಾಸ್ತಿ. ಬಟ್ಟೆ ಒಣಗಿಸುವ ಹಗ್ಗವನ್ನು ತೀರಾ ಬಿಗಿದು ಕಟ್ಟಿದರೆ ಒಂದೇ ಒದ್ದೆ ಕಂಬಳಿಗೆ ಗೂಟ ಕಿತ್ತುಬರುವುದು ಯಾಕೆಂದು ಆಗ ಮನೆಯವರಿಗೆಲ್ಲ ಅರ್ಥವಾಯಿತು.

ಕೊನೆಗೆ ಯಾವ ಪುಸ್ತಕಗಳು ಉಳಿದವು ಎಂದು ಹೇಳಬೇಕಲ್ಲ. ಮುಖ್ಯ ಪುಸ್ತಕ ಒಂದೇ ಇರಲಿ ಎಂದು ತೀರ್ಮಾನಿಸಿದೆವು. ಸುರತ್ಕಲ್, ಹುಬ್ಬಳ್ಳಿಗಳಲ್ಲಿ ಪಾಠ ಹೇಳಿದ ಎಸ್. ಎಸ್. ಭಾವಿಕಟ್ಟಿಯವರ ಪುಸ್ತಕವನ್ನು ಗ್ರಂಥಾಲಯದಿಂದ ತಂದಳು. ಇಂಗ್ಲಿಷಿನಲ್ಲಿದ್ದರೂ ವಾಕ್ಯಗಳು ಸರಳ, ಬಿಡಿಸಿದ ಲೆಕ್ಕಗಳು ಸಾಕಷ್ಟಿವೆ. ಕನ್ನಡದಲ್ಲೇ ಬೇಕೆನ್ನುವ ಮಕ್ಕಳಿಗೆ ಇನ್ನೊಂದು ದಾರಿಯಿದೆ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಇ-ಕುಂಭ್ ತಾಣದಲ್ಲಿ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳ ತಾಂತ್ರಿಕ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಅನುವಾದದ ಕನ್ನಡ ಕೆಲವೆಡೆ ಗಟ್ಟಿ ಚಕ್ಕುಲಿಯಂತೆ, ಆದರೆ ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿಟ್ಟು ಓದಿದರೆ ಉಪಯೋಗಕ್ಕೆ ಬರುತ್ತದೆ.

ವಿಡಿಯೋ ಬೇಕಾದರೆ ಏಳು ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ 2003ರಲ್ಲಿ ಶುರುಮಾಡಿದ ಎನ್‌ಪಿಟಿಇಎಲ್ ಪಾಠಗಳಿವೆ. ದೊಡ್ಡ ಮೇಷ್ಟ್ರುಗಳು, ಹಣವಿಲ್ಲದೆ ಕೇಳಬಹುದು. ಆದರೆ ಡಿಪ್ಲೊಮಾ ಮಕ್ಕಳಿಗೆ ಓಟ ಸ್ವಲ್ಪ ಜೋರು. ನಾವು ಮಾಡಿದ್ದೇನೆಂದರೆ, ಮೇಷ್ಟ್ರು ಲೆಕ್ಕದ ಚಿತ್ರ ಬರೆದ ಕೂಡಲೇ ವಿಡಿಯೋ ನಿಲ್ಲಿಸಿ, ಅವಳು ಮೊದಲು ತಾನೇ ಬಿಡಿಸಿ, ಆಮೇಲೆ ಮುಂದೆ ನೋಡುವುದು. ಸುಮ್ಮನೆ ನೋಡುತ್ತಾ ಕೂತರೆ ಎಲ್ಲ ಅರ್ಥವಾದಂತೆಯೇ ಅನ್ನಿಸುತ್ತದೆ, ಅಡುಗೆ ಕಾರ್ಯಕ್ರಮ ನೋಡಿದ ಹಾಗೆ.

ಶಾಲೆಯ ಮಕ್ಕಳಿರುವ ಮನೆಗೆ ನನ್ನ ಮೊದಲ ಶಿಫಾರಸು ಬೇರೆ. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಪಾಠ ಹೇಳುತ್ತಿದ್ದ ಸ್ಟೀಫನ್ ರೆಸ್ಲರ್ ಎಂಬುವರು, ಕಚೇರಿಯ ಫೈಲಿನ ರಟ್ಟಿನಿಂದ ಸೇತುವೆ ಕಟ್ಟುವ ಪುಸ್ತಕ ಬರೆದು ಉಚಿತವಾಗಿ ಕೊಟ್ಟಿದ್ದಾರೆ. ಒತ್ತು ಬರುವ ಕಡೆ ರಟ್ಟನ್ನು ಕೊಳವೆಯಾಗಿ ಮಡಿಸಬೇಕು, ಎಳೆತ ಬರುವ ಕಡೆ ಚಪ್ಪಟೆ ಪಟ್ಟಿ ಸಾಕು. ನಮ್ಮ ದಾರದ ಪಾಠವೇ ಅದು. ಅವರದೇ ಕಂಪ್ಯೂಟರ್ ಆಟವೂ ಇದೆ, ಸೇತುವೆ ಬರೆದರೆ ಅದರ ಮೇಲೆ ಲಾರಿ ಓಡುತ್ತದೆ, ಒತ್ತಿನ ಕಡ್ಡಿ ಕೆಂಪಗೆ, ಎಳೆತದ ಕಡ್ಡಿ ನೀಲಿಯಾಗಿ ಕಾಣುತ್ತದೆ. ಉತ್ತರ ತಾನೇ ಕೊಡುವ ಬೇರೆ ತಂತ್ರಾಂಶಗಳೂ ಇವೆ. ಅವನ್ನು ಕೈಲೆಕ್ಕ ಮುಗಿದ ಮೇಲೆ ಮಾತ್ರ ತೆರೆಯಲು ಬಿಟ್ಟೆ.

ನನ್ನ ವಾರಿಗೆಯವರಿಗೆ ಜೆ. ಇ. ಗಾರ್ಡನ್ ಅವರು ಬರೆದು 1978ರಲ್ಲಿ ಬಂದ 'ಸ್ಟ್ರಕ್ಚರ್ಸ್' ಎಂಬ ಪುಸ್ತಕ. ಕಥೆಯ ಹಾಗೆ ಓದಿಸಿಕೊಳ್ಳುತ್ತದೆ. ಹೀಗೆ ಓದುತ್ತಾ ಹೋದಂತೆ ಹಳೆಯ ಇಂಜಿನಿಯರುಗಳ ಪರಿಚಯವೂ ಆಯಿತು. ಬಡಗಿಗಳು ಅನುಭವದ ಮೇಲೆ ಕಟ್ಟುತ್ತಿದ್ದ ಸೇತುವೆಗೆ ಕಡ್ಡಿ ಕಡ್ಡಿಯ ಲೆಕ್ಕ ಹಾಕುವುದು ಹೇಗೆಂದು ಅಮೆರಿಕದ ಸ್ಕ್ವೈರ್ ವಿಪಲ್ 1847ರಲ್ಲೇ ಪುಸ್ತಕ ಬರೆದಿದ್ದ. ಮೊಮ್ಮಗಳ ಪುಸ್ತಕದಲ್ಲಿ ಬರುವ ಹೋವ್, ಪ್ರಾಟ್, ವಾರನ್ ಟ್ರಸ್ಸುಗಳೂ 1840ರಿಂದ 1848ರ ನಡುವಿನವೇ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಕೆನಡಾದ ಕ್ವಿಬೆಕ್ ಸೇತುವೆಯ ಕಥೆ. ಸೇಂಟ್ ಲಾರೆನ್ಸ್ ನದಿಗೆ ಕಟ್ಟುತ್ತಿದ್ದ ಆ ಸೇತುವೆಯ ನಡುವಿನ ಅಂತರವನ್ನು 1600 ಅಡಿಯಿಂದ 1800 ಅಡಿಗೆ ಹೆಚ್ಚಿಸಿದರು. ಆದರೆ ಸೇತುವೆಯ ಸ್ವಂತ ತೂಕದ ಹಳೆಯ ಅಂದಾಜನ್ನೇ ಮುಂದಕ್ಕೆ ತಂದು ಲೆಕ್ಕ ಹಾಕಿದ್ದರು. ಒತ್ತು ತಾಳುವ ಕೆಳಗಿನ ಕಂಬಿಗಳು ಸೊಟ್ಟಗಾಗುತ್ತಿರುವುದನ್ನು ಕೆಲಸದ ಜಾಗದಲ್ಲಿದ್ದವರು ಅಳೆದು ನೋಡಿಯೂ ಇದ್ದರು. ಕೆಲಸ ನಿಲ್ಲಲಿಲ್ಲ. 1907ರ ಆಗಸ್ಟ್ 29ರ ಸಂಜೆ ಕಟ್ಟಿದ್ದಷ್ಟೂ ನದಿಗೆ ಬಿತ್ತು, 75 ಕೆಲಸಗಾರರು ಸತ್ತರು. ಹೋದ ವರ್ಷದ ಬಾಕಿಯನ್ನು ಪರೀಕ್ಷಿಸದೆ ಹೊಸ ಪುಸ್ತಕಕ್ಕೆ ಇಳಿಸುವುದು ನಮ್ಮಲ್ಲೂ ನಡೆಯುತ್ತಿತ್ತು, ಆದರೆ ನಮ್ಮಲ್ಲಿ ಹೋಗುತ್ತಿದ್ದದ್ದು ಇನ್ಕ್ರಿಮೆಂಟು ಮಾತ್ರ. ಇದನ್ನು ಓದಿ ಹೇಳಿದಾಗ ಮೊಮ್ಮಗಳು, "ಅಂದ್ರೆ ನಾನು ಕೊನೇ ಜಾಯಿಂಟ್ ಚೆಕ್ ಮಾಡೋದು ಬರೀ ಮಾರ್ಕ್ಸಿಗಲ್ಲ" ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಅಂಗಡಿಯ ಮಾತು ಆಮೇಲೆ ಬರಲಿಲ್ಲ.

ಮರುಪರೀಕ್ಷೆಯಲ್ಲಿ ಐದು ಸಂಧಿ, ಏಳು ಕಡ್ಡಿಯ ಟ್ರಸ್ ಬಂದಿತ್ತಂತೆ. ಕೊನೆಯ ಸಂಧಿಯಲ್ಲಿ 24 ವ್ಯತ್ಯಾಸ. "ಕೈ ನಡುಗಿತು ತಾತ. ಆದರೆ ಹೊಡೆದುಹಾಕಲಿಲ್ಲ. ಹನ್ನೆರಡು ಎಲ್ಲಿದೆ ಅಂತ ಹುಡುಕಿದೆ" ಎಂದಳು. ಸಿಕ್ಕಿತು. ಒಂದು ಓರೆ ಕಡ್ಡಿಯ ಅಡ್ಡ ಪಾಲು, ಎಡಕ್ಕೆ ಬರೆಯುವ ಬದಲು ಬಲಕ್ಕೆ ಬರೆದಿದ್ದಳು. ತಿದ್ದಿ ಮುಗಿಸಿದಾಗ ಇನ್ನೂ ಹತ್ತು ನಿಮಿಷ ಉಳಿದಿತ್ತು. ಫಲಿತಾಂಶ ಬಂದ ದಿನ ಅವಳ ತಂದೆ ಅಂಗಡಿಗೆ ಬೀಗ ಹಾಕಿ ಸಿಹಿ ತೆಗೆದುಕೊಂಡು ತಿಪಟೂರಿಗೆ ಬಂದರು.

ಪೊರಕೆ ಕಡ್ಡಿಯ ಟ್ರಸ್ಸು ಈಗ ಷೋಕೇಸಿನಲ್ಲಿದೆ. ನಮ್ಮಾಕೆಗೆ ಹೊಸ ಪೊರಕೆ ತಂದುಕೊಟ್ಟಿದ್ದೇನೆ. ಪಕ್ಕದ ಮನೆಯ ಹುಡುಗ ಅದರ ಮೇಲೂ ಕಣ್ಣು ಹಾಕಿದ್ದಾನೆ, ಅವನಿಗೆ ರೈಲು ಸೇತುವೆ ಕಟ್ಟಬೇಕಂತೆ.